ಕುರ್ಚಿಯ ಮೇಲಿನ ದೀಪ

ಹಾಲೋಜೆನ್ ದೀಪವೇ ಬೇಕು ಎಂದು ಕೇಳಿಕೊಂಡು ಈಗ ಯಾರೂ ಬರುವುದಿಲ್ಲ. ಎಲ್ಲ ಸಭಾಂಗಣಗಳಲ್ಲೂ ಎಲ್‌ಇಡಿ ಬಂದು ಕೂತಿದೆ. ಬಿಸಿಯಿಲ್ಲ, ವಾಸನೆಯಿಲ್ಲ, ಒಂದು ಗುಂಡಿ ಒತ್ತಿದರೆ ನೀಲಿ, ಇನ್ನೊಂದು ಒತ್ತಿದರೆ ಗುಲಾಬಿ. ನನ್ನ ಹಳೆಯ ದೀಪಗಳು ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಮಲಗಿ ಎಷ್ಟೋ ಕಾಲವಾಗಿತ್ತು. ಮಾರಿಬಿಡು ಎಂದು ಹೇಳದವರಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗೆ ಹೇಳಿದವರನ್ನೆಲ್ಲ ನಿಮ್ಮ ಅಜ್ಜಿಯನ್ನೂ ಗುಜರಿಗೆ ಹಾಕಿದಿರಾ ಎಂದು ಕೇಳಿ ಬಾಯಿ ಮುಚ್ಚಿಸಿದ್ದೆ.

ಹಾಗಿರುವಾಗ ಭಾವ ಬಂದರು. ನನ್ನ ಭಾವ ಅಲ್ಲ. ಜೋಡಿಯಾಗಿ ಹಾಡುತ್ತಿದ್ದ ಅಕ್ಕತಂಗಿಯರಲ್ಲಿ ದೊಡ್ಡವಳ ಗಂಡ. ಚಿಕ್ಕವಳು ಅವರನ್ನು ಭಾವ ಎನ್ನುತ್ತಿದ್ದಳು. ಅದನ್ನೇ ಕೇಳಿ ಕೇಳಿ ವಾದ್ಯದವರು, ಮೈಕಿನವರು, ಬಾಗಿಲು ಕಾಯುವವರು ಎಲ್ಲರಿಗೂ ಅವರು ಭಾವ ಆಗಿಬಿಟ್ಟಿದ್ದರು. ದೊಡ್ಡವಳು ತೀರಿಕೊಂಡು ವರ್ಷದ ಮೇಲಾಗಿತ್ತು. ಅವಳ ನೆನಪಿಗೆ ಒಂದೇ ಒಂದು ಸಂಜೆಯ ಕಾರ್ಯಕ್ರಮ. ಚಿಕ್ಕವಳೊಬ್ಬಳೇ ಹಾಡುತ್ತಾಳೆ. ವೇದಿಕೆಯ ಬಲಕ್ಕೆ ದೊಡ್ಡವಳು ಕೂರುತ್ತಿದ್ದ ಕುರ್ಚಿಯನ್ನು ಖಾಲಿ ಇಡಬೇಕು, ಅದರ ಮೇಲೆ ಒಂದು ದೀಪ ಸಣ್ಣಗೆ ಉರಿಯುತ್ತಿರಬೇಕು, ಕೊನೆಯ ತನಕ ಆರಬಾರದು ಎಂದರು. ಹೊಸ ದೀಪ ಬೇಡ ಎಂದದ್ದೂ ಅವರೇ. ಅದರ ಬೆಳಕಿನಲ್ಲಿ ಮನುಷ್ಯರ ಮುಖ ಹೆಣದ ಮುಖದ ಹಾಗೆ ಕಾಣುತ್ತದೆಂದು ಅವರ ಹೆಂಡತಿ ಸಿಡಿಮಿಡಿಗೊಳ್ಳುತ್ತಿದ್ದಳಂತೆ. ಖಾಲಿ ಕುರ್ಚಿಗೆ ಮುಖ ಎಲ್ಲಿಂದ ಬಂತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಕಣ್ಣು ನೋಡಿ ನುಂಗಿಕೊಂಡೆ.

ಈ ದೀಪದ ಸ್ವಭಾವವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಪೂರ್ತಿ ಉರಿಸಿದಾಗ ಹಾಲೋಜೆನ್ ಬೆಳ್ಳಗೆ, ಸದ್ದಿಲ್ಲದೆ ಉರಿಯುತ್ತದೆ. ಇಳಿಸುತ್ತಾ ಬಂದರೆ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಆರುವ ಕೆಂಡದ ಕೆಂಪು. ಹಾಗೆ ಇಳಿಸಿದಾಗ ಒಳಗಿನ ತಂತಿ ನಡುಗಿ ಗುಂಯ್ ಎನ್ನುತ್ತದೆ. ದೀಪ ಹಾಡುತ್ತಿದೆ ಎಂದು ನಾವು ತಮಾಷೆ ಮಾಡುತ್ತೇವೆ. ಇನ್ನೊಂದು ಸಂಗತಿ ಎಂದರೆ, ತಣ್ಣಗಿರುವ ತಂತಿಗೆ ಒಮ್ಮೆಲೇ ಕರೆಂಟು ಹರಿಸಿದರೆ ಅದು ಪಟ್ ಎಂದು ತುಂಡಾಗಿಬಿಡುತ್ತದೆ. ಅದಕ್ಕೇ ನಮ್ಮ ಕಸುಬಿನ ಹಳಬರು ಕಾರ್ಯಕ್ರಮ ಮುಗಿಯುವ ತನಕ ಯಾವ ದೀಪವನ್ನೂ ಪೂರ್ತಿ ಸಾಯಲು ಬಿಡುವುದಿಲ್ಲ. ದೀಪಗಳನ್ನು ಏರಿಸಿ ಇಳಿಸುವ ಬೋರ್ಡಿನ ಮೇಲೆ ಹಿಡಿಯನ್ನು ಸೊನ್ನೆಗೆ ಎಳೆದರೂ ಒಂದು ಎಳೆ ಕಾವು ಉಳಿಯುವ ಹಾಗೆ ವೇದಿಕೆಯ ಪಕ್ಕದಲ್ಲಿರುವ, ದೀಪಗಳಿಗೆ ಕರೆಂಟು ಹಂಚುವ ಡಿಮ್ಮರ್ ಪೆಟ್ಟಿಗೆಯಲ್ಲೇ ತಿರುಗಿಸಿ ಇಟ್ಟಿರುತ್ತೇವೆ. ದೂರದವರ ಕಣ್ಣಿಗೆ ದೀಪ ಆರಿದೆ. ಹತ್ತಿರ ಹೋಗಿ ನೋಡಿದರೆ ತಂತಿ ಕೆಂಪಗಿರುತ್ತದೆ. ಇದಕ್ಕೆ ಬೆಚ್ಚಗಿಡುವುದು ಎನ್ನುತ್ತೇವೆ. ಇಂಥ ಬಲ್ಬು ಈಗ ಹುಡುಕಿದರೂ ಸಿಗುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ನಾನು ಮಹಾ ಜಿಪುಣಿ.

ಕಾರ್ಯಕ್ರಮದ ದಿನ ಮಧ್ಯಾಹ್ನ ಏಣಿ ಹತ್ತಿ ದೀಪಗಳನ್ನು ಕಟ್ಟಿದೆ. ಮೊದಲ ಸಲ ಕಾಯಿಸಿದಾಗ ಅವುಗಳ ಮೇಲೆ ಕೂತಿದ್ದ ಧೂಳು ಸುಟ್ಟು ಸಭಾಂಗಣದ ತುಂಬ ಕಮಟು ವಾಸನೆ ಹಬ್ಬಿತು. ಮೈಕು ಜೋಡಿಸುತ್ತಿದ್ದ ಸೌಂಡಣ್ಣ ಬೇಕೆಂದೇ ಕೆಮ್ಮಿದ. ನಮ್ಮಿಬ್ಬರದು ಹಳೆಯ ಜಗಳ. ನನ್ನ ದೀಪಗಳ ಗುಂಯ್ಗುಡುವಿಕೆಯನ್ನು ಅವನ ಮೈಕು ಹಿಡಿಯುತ್ತದೆ, ಅವನು ನನ್ನನ್ನು ಬೈಯುತ್ತಾನೆ, ನಾನು ಅವನ ಮೈಕಿಗೆ ಕಿವಿ ಹೆಚ್ಚಾಯಿತು ಎನ್ನುತ್ತೇನೆ. ಹೀಗೇ ಕಿತ್ತಾಡುತ್ತಾ ಇಬ್ಬರಿಗೂ ಕೂದಲು ಬೆಳ್ಳಗಾಗಿದೆ. ಬೇರೆ ಯಾರ ಜತೆಗೂ ನಮಗೆ ಹೊಂದುವುದಿಲ್ಲ.

ನಾನು ಸಭಾಂಗಣದ ಹಿಂಬದಿಯ ಬೋರ್ಡಿಗೆ ಬಂದು ಕುರ್ಚಿಯ ದೀಪವನ್ನು ಮೆಲ್ಲಗೆ ಇಳಿಸಿದೆ. ಬಿಳಿ ಹೋಗಿ ಹಳದಿಯಾಯಿತು, ಹಳದಿ ಹೋಗಿ ಕಿತ್ತಳೆಯಾಯಿತು. ಆಗ ಸದ್ದು ಶುರುವಾಯಿತು. ಸೌಂಡಣ್ಣ ಎಂದಿನಂತೆ ಮುಖ ಗಂಟಿಕ್ಕಿಕೊಂಡು ತಿರುಗಿದವನು ಹಾಗೇ ನಿಂತ. ಅದು ನಮಗೆ ಗೊತ್ತಿದ್ದ ಸದ್ದಾಗಿರಲಿಲ್ಲ. ದೀಪದ್ದು ಒರಟು ಸದ್ದು, ಒಂದೇ ಸಮನೆ ಇರುತ್ತದೆ. ಇದು ನುಣುಪಾಗಿತ್ತು, ತುಸು ಏರಿ ತುಸು ಇಳಿಯುತ್ತಿತ್ತು. ವೇದಿಕೆಯ ಮೇಲೆ ವಾದ್ಯ ಸರಿಮಾಡಿಕೊಳ್ಳುತ್ತಿದ್ದ ಪಿಯಾನೋದವರು ಸುಮ್ಮನೆ ಒಂದು ಸ್ವರದ ಮನೆ ಒತ್ತಿ ನೋಡಿದರು, ಶ್ರುತಿ ಕೂಡಿತು. ಸೌಂಡಣ್ಣ ಮೈಕುಗಳನ್ನೆಲ್ಲ ಮುಚ್ಚಿದ, ಆದರೂ ಕೇಳಿಸಿತು. ಅವನು ನನ್ನ ಹತ್ತಿರ ಬಂದು, ಈ ಸಲ ಬೈಯದೆ, ತಗ್ಗಿದ ದನಿಯಲ್ಲಿ ಹೇಳಿದ.

"ನಡುನಡುವೆ ನಿಲ್ತಿದೆ ನೋಡು. ನಿನ್ನ ದೀಪ ಉಸಿರು ತಗೊಳ್ತಿದೆ ಕಣೇ."

ನಿಜವಾಗಿತ್ತು. ಹಾಡುವವರು ಒಂದು ಸಾಲು ಮುಗಿಸಿ ಎದೆ ತುಂಬಿಕೊಳ್ಳುವಷ್ಟು ಹೊತ್ತು ಅದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ದೀಪಕ್ಕೆ ಉಸಿರು ಎಲ್ಲಿಯದು? ಆಗಲೇ ನಾನು ನೆಲ ನೋಡಿದ್ದು. ಕುರ್ಚಿಯ ಹಿಂದೆ ಹಲಗೆಯ ಮೇಲೆ ಅದರ ನೆರಳು ಬಿದ್ದಿತ್ತು. ಕುರ್ಚಿಯ ಬೆನ್ನು ನನ್ನ ಸೊಂಟದಷ್ಟು ಎತ್ತರ, ನೆರಳು ಅದಕ್ಕಿಂತ ಉದ್ದಕ್ಕೆ ಚಾಚಿ, ಹೆಗಲಿನ ಹಾಗೆ ಅಗಲವಾಗಿ, ಅದರಾಚೆ ತಲೆಯ ಹಾಗೆ ದುಂಡಗಾಗಿತ್ತು. ಹಿಡಿಯನ್ನು ಮೇಲಕ್ಕೆ ತಳ್ಳಿದೆ. ದೀಪ ಬೆಳ್ಳಗಾಯಿತು, ಸದ್ದು ಅಡಗಿತು, ನೆಲದ ಮೇಲೆ ಕುರ್ಚಿಯ ನೆರಳಷ್ಟೇ ಉಳಿಯಿತು. ಮತ್ತೆ ಇಳಿಸಿದೆ. ಮತ್ತೆ ಕೂತಿದ್ದಳು.

ಕೂತಿದ್ದಳು ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಕಣ್ಣಿಗೆ ವಯಸ್ಸಾಯಿತು, ಹೊಟ್ಟೆ ಖಾಲಿಯಿದೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗ ಚಿಕ್ಕವಳು ಒಳಗೆ ಬಂದಳು. ಅರವತ್ತು ದಾಟಿದ ಹೆಂಗಸನ್ನು ಊರೆಲ್ಲ ಚಿಕ್ಕವಳು ಎಂದೇ ಕರೆಯುತ್ತಿತ್ತು. ಬಾಗಿಲಲ್ಲೇ ಆ ಸದ್ದು ಅವಳ ಕಿವಿಗೆ ಬಿತ್ತು. ಹೆದರಿ ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಮನೆಗೆ ನೆಂಟರು ಬಂದದ್ದನ್ನು ತಿಳಿಸುವವಳ ಹಾಗೆ, ಅಕ್ಕ ಆಗಲೇ ಬಂದುಬಿಟ್ಟಿದ್ದಾಳೆ ಎಂದಳು. ಆಮೇಲೆ ನನ್ನ ಪಕ್ಕದ ಸೀಟಿನಲ್ಲಿ ಕುಸಿದು ಕೂತಳು.

ಅವಳು ಹೇಳಿದ್ದೆಲ್ಲ ನನಗೆ ಹೊಸದೇ. ಚಿಕ್ಕಂದಿನಿಂದ ವೇದಿಕೆಯ ಮೇಲೆ ದೊಡ್ಡವಳು ತಂಗಿಯ ಎಡಗೈ ಮಣಿಕಟ್ಟು ಹಿಡಿದೇ ಹಾಡುತ್ತಿದ್ದಳು. ಜನ ಅದನ್ನು ಪ್ರೀತಿ ಎಂದುಕೊಂಡಿದ್ದರು, ಪ್ರೀತಿಯೂ ಇತ್ತು. ಆದರೆ ಆ ಕೈ ಒತ್ತಿದಾಗ ಮಾತ್ರ ಚಿಕ್ಕವಳು ಬಾಯಿ ತೆಗೆಯಬೇಕು, ಸಡಿಲಿಸಿದಾಗ ಮುಚ್ಚಬೇಕು. ಒಂದು ಹಾಡಿನ ಮೊದಲ ಸಾಲನ್ನೂ ಅವಳು ಒಬ್ಬಳೇ ಎತ್ತಿಕೊಂಡದ್ದಿಲ್ಲ. ಇಬ್ಬರ ದನಿ ಒಂದೇ ಎಂದು ಪತ್ರಿಕೆಯವರು ಹೊಗಳಿದ್ದೇ ಹೊಗಳಿದ್ದು. ಒಂದೇ ಆಗಿತ್ತು, ದೊಡ್ಡವಳದು. ಅಕ್ಕ ಸತ್ತ ಮೇಲಾದರೂ ತನ್ನ ದನಿ ಕೇಳಿಸೀತು ಎಂದು ತಾನಿರುವ ಭಾವನ ಮನೆಯ ಅಡುಗೆಮನೆಯಲ್ಲಿ ಬಾಯಿ ತೆಗೆದರೆ ಹೊರಗೆ ಬಂದದ್ದು ಅಕ್ಕನ ದನಿ. ಅದೇ ಏರಿಳಿತ, ಅದೇ ಕೊನೆಯ ಎಳೆತ. ಈಗೀಗ ಭಾವ ಅಡುಗೆಮನೆಯ ಹೊರಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿರುತ್ತಾರಂತೆ. ಇನ್ನೊಂದು ಸ್ವಲ್ಪ ಗುನುಗು ಎನ್ನುತ್ತಾರಂತೆ. ಕೆಟ್ಟವರೇನಲ್ಲ, ಅವರ ಸಂಕಟ ಅವರಿಗೆ ಎಂದು ಅವಳೇ ಅವರ ಪರವಾಗಿ ಹೇಳಿದಳು. ನನಗೆ ಮಾತ್ರ ಆ ಗೋಡೆಗೊರಗಿದ ಮನುಷ್ಯನನ್ನು ನೆನೆದು ಮೈಯೆಲ್ಲ ಉರಿದುಹೋಯಿತು.

ಅಕ್ಕನಿಗೆ ಗೊತ್ತಾಗದ ಹಾಗೆ ಅವಳು ಒಂದು ಹಾಡು ಕಟ್ಟಿಕೊಂಡಿದ್ದಳು. ಹಾಲು ಉಕ್ಕುವ ಮೊದಲು ಒಲೆ ಸಣ್ಣದು ಮಾಡಲು ಕಾಯುತ್ತಾ ನಿಂತವಳ ಹಾಡು. ದೊಡ್ಡದೇನಲ್ಲ ಎಂದು ನಾಚಿಕೊಂಡಳು. ಅದನ್ನು ಇವತ್ತು ಕೊನೆಗೆ ಹಾಡುವವಳಿದ್ದಳು. ಭಾವನಿಗೂ ಹೇಳಿರಲಿಲ್ಲ.

"ಆ ಹಾಡಿಗೆ ಮುಂಚೆ ಆ ದೀಪ ಆರಿಸಿಬಿಡಿ," ಎಂದಳು. "ನನ್ನ ದನಿ ಹೇಗಿದೆ ಅಂತ ನಾನೇ ಕೇಳಿಲ್ಲ. ಒಂದೇ ಒಂದ್ಸಲ ಕೇಳ್ಬೇಕು. ನಾಳೆಯಿಂದ ಭಾವ ಅಕ್ಕನ ಹಾಡೆಲ್ಲ ನನ್ನ ಬಾಯಲ್ಲಿ ಹಾಡಿಸಿ ರೆಕಾರ್ಡ್ ಮಾಡಿಸ್ತಾರೆ. ಆಮೇಲೆ ನಾನು ಅಂತ ಒಬ್ಬಳು ಉಳಿಯಲ್ಲ."

ಆರಿಸುತ್ತೇನೆ ಎಂದು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ನನ್ನ ಜಾಯಮಾನವಲ್ಲ. ಆದರೆ ಬೆಚ್ಚಗಿಡುವ ವಿಷಯ ಅವಳಿಗೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ರೂಢಿ ಬಿದ್ದ ಕೆಲಸ ಯಾರ ನೆನಪಿಗೂ ಬರುವುದಿಲ್ಲ.

ಸಂಜೆ ಸಭಾಂಗಣ ಕಿಕ್ಕಿರಿದು ತುಂಬಿತು. ಭಾವ ಮೊದಲ ಸಾಲಿನಲ್ಲಿ, ಕುರ್ಚಿಗೆ ನೇರ ಎದುರಾಗಿ ಕೂತರು. ಚಿಕ್ಕವಳು ವೇದಿಕೆಗೆ ಬಂದು ನಿಂತಳು, ನಾನು ಅವಳ ಮೇಲಿನ ದೀಪಗಳನ್ನು ಏರಿಸಿ, ಕುರ್ಚಿಯದನ್ನು ಭಾವ ಹೇಳಿದ್ದ ಕಿತ್ತಳೆಗೆ ಇಳಿಸಿದೆ. ಮೊದಲ ಹಾಡು ಎತ್ತಿಕೊಂಡಾಗ ಸಭಾಂಗಣದಲ್ಲಿ ಒಂದು ನಿಟ್ಟುಸಿರು ಸರಿದಾಡಿತು. ಎರಡು ದನಿ ಕೇಳುತ್ತಿತ್ತು. ಹಳೆಯ ಕಾಲದ ಹಾಗೆಯೇ, ಒಂದರ ಮೇಲೊಂದು ಹಾಸಿದ ಹಾಗೆ. ಸೌಂಡಣ್ಣ ರೆಕಾರ್ಡ್ ಏನಾದರೂ ಹಾಕಿದ್ದಾನೆಯೇ ಎಂದು ಅವನತ್ತ ನೋಡಿದೆ. ಅವನು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆಪ್ಪನಂತೆ ಕೂತಿದ್ದ.

ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ಕಾಣದ್ದು ಹಿಂದೆ ಎತ್ತರದಲ್ಲಿ ಕೂತ ನನಗೆ ಕಾಣುತ್ತಿತ್ತು. ನೆಲದ ಮೇಲಿನ ನೆರಳು ಈಗ ತಲೆದೂಗುತ್ತಿತ್ತು. ಅದರಿಂದ ಒಂದು ತೋಳಿನಷ್ಟು ಉದ್ದದ ಕಪ್ಪು ಹೊರಟು ಚಿಕ್ಕವಳ ಕಾಲ ಬುಡದ ತನಕ ಬಂದಿತ್ತು. ಅವಳ ಎಡಗೈ ಸೊಂಟದ ಮಟ್ಟಕ್ಕೆ ಎತ್ತಿ, ಯಾರೋ ಮಣಿಕಟ್ಟು ಹಿಡಿದ ಹಾಗೆ ಗಾಳಿಯಲ್ಲಿ ನಿಂತಿತ್ತು. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಅವಳ ತುಟಿ. ಪ್ರತಿ ಸಾಲಿಗೂ ದನಿ ಮೊದಲು ಬರುತ್ತಿತ್ತು, ಬಾಯಿ ಆಮೇಲೆ ತೆರೆಯುತ್ತಿತ್ತು.

ಹೀಗೆ ಹಾಡಿನ ಮೇಲೆ ಹಾಡು ಸರಿದವು. ಕೊನೆಯದಕ್ಕೆ ಮೊದಲು ಚಿಕ್ಕವಳು ನೀರು ಕುಡಿದು, ಇದು ನನ್ನ ಹಾಡು ಎಂದಷ್ಟೇ ಹೇಳಿ, ಜನರ ತಲೆಗಳನ್ನೆಲ್ಲ ದಾಟಿ ನನ್ನ ಕಡೆ ನೋಡಿದಳು. ಮಾತು ಕೊಟ್ಟ ಹಾಗೆ ಕುರ್ಚಿಯ ದೀಪದ ಹಿಡಿಯನ್ನು ನಿಧಾನವಾಗಿ ಸೊನ್ನೆಗೆ ಎಳೆದೆ. ಕುರ್ಚಿ ಕತ್ತಲಲ್ಲಿ ಮುಳುಗಿತು. ಭಾವ ಗಾಬರಿಯಾಗಿ ಹಿಂದಕ್ಕೆ ತಿರುಗಿದರು. ತಿರುಗಲಿ ಎಂದುಕೊಂಡೆ. ಪಿಯಾನೋ ಶುರುವಾಯಿತು, ಚಿಕ್ಕವಳು ಬಾಯಿ ತೆಗೆದಳು.

ಹೊರಗೆ ಬಂದದ್ದು ದೊಡ್ಡವಳ ದನಿ. ಹಾಲು ಉಕ್ಕುವ ಹಾಡಲ್ಲ, ಅಕ್ಕತಂಗಿಯರಿಗೆ ಹೆಸರು ತಂದುಕೊಟ್ಟ ಹಳೆಯ ಹಾಡು. ಆ ತನಕ ಎರಡಾಗಿ ಕೇಳಿದ್ದು ಈಗ ಒಂದೇ ಆಗಿತ್ತು, ತುಂಬಿದ ಕೊಡದ ಹಾಗೆ ನಿಂತಿತ್ತು. ಕತ್ತಲಾದಷ್ಟೂ ಅದಕ್ಕೆ ಬಲ ಬಂದಂತಿತ್ತು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಹಾಡುತ್ತಿದ್ದ ಚಿಕ್ಕವಳು ತಲೆಯನ್ನು ಅತ್ತಿತ್ತ ಆಡಿಸಿ ಬೇಡ ಬೇಡ ಎನ್ನುತ್ತಿದ್ದಳು. ಬಾಯಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

ನಾನು ಹಿಡಿಯನ್ನು ಇನ್ನೂ ಕೆಳಕ್ಕೆ ಅದುಮಿದೆ. ಅದು ಹೋಗುವುದಕ್ಕೆ ಜಾಗವಿರಲಿಲ್ಲ. ಆರಿಸಿದೆಯೇನೇ ಎಂದು ಸೌಂಡಣ್ಣ ಕೇಳಿದ, ಕಾಣಲ್ವಾ ಎಂದು ಗದರಿದೆ. ಗದರಿ ಕತ್ತಲಲ್ಲಿ ಕಣ್ಣು ನೆಟ್ಟಾಗ ಕಂಡಿತು. ಕುರ್ಚಿಯ ಮೇಲ್ಗಡೆ, ಸೂಜಿಯಿಂದ ಗೀಚಿದ ಹಾಗೆ, ಒಂದು ಕೆಂಪು ಎಳೆ. ನಾನೇ ಬೆಚ್ಚಗಿಟ್ಟದ್ದು. ಅವಳು ಕೂರುವುದಕ್ಕೆ ಅಷ್ಟು ಬೆಳಕೇ ಸಾಕಾಗಿತ್ತು, ಅದನ್ನು ಪೂರ್ತಿ ಕೊಲ್ಲಬೇಕೆಂದರೆ ಪೆಟ್ಟಿಗೆಯ ತನಕ ಹೋಗಬೇಕು. ಪೆಟ್ಟಿಗೆ ವೇದಿಕೆಯ ಪಕ್ಕದಲ್ಲಿ, ನಾನು ಸಭಾಂಗಣದ ಈ ತುದಿಯಲ್ಲಿ, ನಡುವೆ ತುಂಬಿದ ಜನ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಚಿಕ್ಕವಳು ತನ್ನ ಹಾಡು ಹಾಡುವ ಮೊದಲೇ ಕಾರ್ಯಕ್ರಮ ಮುಗಿದುಹೋಗುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಆ ಹಿಡಿ ಒಂದೇ. ಅದಕ್ಕೆ ಉಳಿದಿದ್ದ ದಾರಿಯೂ ಒಂದೇ, ಮೇಲಕ್ಕೆ.

ಒಂದೇ ಏಟಿಗೆ ತಳ್ಳಿದೆ. ಬೆಚ್ಚಗಿದ್ದ ತಂತಿ ತುಂಡಾಗಲಿಲ್ಲ, ಭಗ್ಗನೆ ಬೆಳಗಿತು. ಇಡೀ ಸಭಾಂಗಣಕ್ಕೆ ಕುರ್ಚಿ ಕಂಡಿತು. ಸವೆದ ಮೆತ್ತೆ, ಬಣ್ಣ ಹೋದ ಕೈಗಳು, ಒಂದು ಕಾಲಿಗೆ ಸುತ್ತಿದ ಅಂಟುಪಟ್ಟಿ. ಯಾರೂ ಕೂತಿರದ ಒಂದು ಹಳೆಯ ಕುರ್ಚಿ, ಅಷ್ಟೇ. ಯಾರೋ ಅಂಗೈಯಿಂದ ಬಾಯಿ ಮುಚ್ಚಿದ ಹಾಗೆ ದನಿ ನಡುಸಾಲಿನಲ್ಲೇ ನಿಂತಿತು. ಚಿಕ್ಕವಳ ಎಡಗೈ ಜಾರಿ ಪಕ್ಕಕ್ಕೆ ಬಿತ್ತು.

ಅವಳು ಬಾಯಿ ತೆರೆದುಕೊಂಡೇ ನಿಂತಿದ್ದಳು. ಜನರಲ್ಲಿ ಗುಸುಗುಸು ಎದ್ದಿತು. ಪಿಯಾನೋದವರು ಮೊದಲಿನಿಂದ ನುಡಿಸಿ ಕಾದರು, ಅವಳು ಹಾಡಲಿಲ್ಲ. ಮತ್ತೆ ನುಡಿಸಿದರು. ಹಾಡು ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಆಗ ಒಂದು ದನಿ ಎದ್ದಿತು, ಹುಟ್ಟಿದ ಕರು ನಿಲ್ಲುವುದಕ್ಕೆ ಹೋಗಿ ಮುಗ್ಗರಿಸುವ ಹಾಗೆ. ಸಣ್ಣ ದನಿ, ಸ್ವಲ್ಪ ಒಡಕು, ಏರಬೇಕಾದ ಕಡೆ ಏರದೆ ಅಡ್ಡದಾರಿ ಹಿಡಿಯುತ್ತಿತ್ತು. ಚಂದವಿತ್ತು ಎಂದು ಸುಳ್ಳು ಹೇಳಲಾರೆ. ಅದು ಅವಳದಾಗಿತ್ತು. ಎರಡನೆಯ ಸಾಲಿಗೆ ಅವಳಿಗೇ ಅದು ಕೇಳಿಸಿತು ಅನ್ನಿಸುತ್ತದೆ, ಹಾಡುತ್ತಲೇ ಬೆರಗಾಗಿ ಕಣ್ಣರಳಿಸಿದಳು.

ಭಾವ ನಡುವೆಯೇ ಎದ್ದು ಹೊರಟುಹೋದರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ಚಿಕ್ಕವಳು ಅದನ್ನು ನೋಡಿದಳು, ನೋಡಿಯೂ ಹಾಲು ಉಕ್ಕುವ ತನಕ, ಒಲೆ ಸಣ್ಣದಾಗುವ ತನಕ ಹಾಡಿ ಮುಗಿಸಿದಳು. ಚಪ್ಪಾಳೆ ನೆಪಕ್ಕೆ ಬಂತು. ನಾನು ಅಂಗೈ ಉರಿಯುವ ತನಕ ತಟ್ಟಿದೆ, ಸೌಂಡಣ್ಣನೂ ತಟ್ಟಿದ. ಇಬ್ಬರೂ ಒಂದೇ ವಿಷಯಕ್ಕೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಜನ ಖಾಲಿಯಾದ ಮೇಲೆ ಅವಳು ಬೋರ್ಡಿನ ಹತ್ತಿರ ಬಂದಳು. ಮುಖ ಬೆವರಿ ಹೊಳೆಯುತ್ತಿತ್ತು. ಹೇಗಿತ್ತು ಎಂದು ಕೇಳಿದಳು. ಸಣ್ಣಗಿತ್ತು, ಅಲ್ಲಲ್ಲಿ ಒಡೆಯಿತು ಎಂದೆ.

"ನನ್ನದೇ ತಾನೆ?"

"ನಿನ್ನದೇ."

ಅವಳು ಮದುವೆಮನೆಯಲ್ಲಿ ತಿಂಡಿ ಕದ್ದ ಹುಡುಗಿಯ ಹಾಗೆ ನಕ್ಕಳು. ಇನ್ನು ಭಾವನ ಮನೆಗೆ ಹೋಗುವುದಿಲ್ಲ, ಗೆಳತಿಯ ಮನೆಗೆ ಹೋಗುತ್ತೇನೆ, ನಾಳೆಯದನ್ನು ನಾಳೆ ನೋಡಿಕೊಂಡರಾಯಿತು ಎಂದಳು. ತಾನು ರಸ್ತೆ ದಾಟುವ ತನಕ ಆ ದೀಪವನ್ನು ಇಳಿಸಬಾರದು ಎಂದು ಕೇಳಿಕೊಂಡಳು. ಸೌಂಡಣ್ಣ ಅವಳನ್ನು ಬಸ್ಸಿಗೆ ಹತ್ತಿಸಲು ಜತೆಗೆ ಹೋದ.

ನಾನೊಬ್ಬಳೇ ಉಳಿದೆ. ಉಳಿದ ದೀಪಗಳನ್ನೆಲ್ಲ ಇಳಿಸಿದೆ. ಕುರ್ಚಿಯದು ಬೆಳ್ಳಗೆ ಉರಿಯುತ್ತಿತ್ತು. ಅದನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಹೇಗೆ ಆರಿಸಿದರೂ ಅದು ಹಳದಿ, ಕಿತ್ತಳೆ, ಕೆಂಪು ದಾಟಿಯೇ ಆರಬೇಕು, ಹಾಲೋಜೆನ್ನಿಗೆ ಬೇರೆ ದಾರಿಯಿಲ್ಲ. ಹಿಡಿಯನ್ನು ಸೊನ್ನೆಗೆ ಎಳೆದು, ಪೆಟ್ಟಿಗೆಯ ದೊಡ್ಡ ಸ್ವಿಚ್ಚು ಆರಿಸಲು ಕತ್ತಲಲ್ಲಿ ವೇದಿಕೆಯ ಕಡೆ ನಡೆದೆ. ಮೆಟ್ಟಿಲು ಹತ್ತುವಾಗಲೇ ಸದ್ದು ಶುರುವಾಗಿತ್ತು. ಓಡಿಹೋಗಬೇಕು ಅನ್ನಿಸಿತು. ಪೆಟ್ಟಿಗೆಯಿದ್ದದ್ದು ಕುರ್ಚಿಯ ಮಗ್ಗುಲಲ್ಲೇ.

ಕೆಂಪು ಬೆಳಕಿನಲ್ಲಿ ನೆಲದ ಮೇಲೆ ಅವಳ ನೆರಳು ನೆಟ್ಟಗೆ ಕೂತಿತ್ತು. ಅವಳು ಗುನುಗುತ್ತಿದ್ದಳು. ಹಳೆಯ ಹಾಡಲ್ಲ. ನಾನು ಕಿವಿಗೊಟ್ಟೆ, ಗುರುತು ಹತ್ತಿತು. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತವಳ ಹಾಡು. ಒಮ್ಮೆ ಕೇಳಿದ್ದಷ್ಟೇ, ಆಗಲೇ ಅದು ಅವಳ ಗಂಟಲಿಗೆ ಬಂದಿತ್ತು. ತಂಗಿಯ ದನಿ ಒಡೆದ ಕಡೆ ಇವಳದು ಒಡೆಯಲಿಲ್ಲ, ಬೆಣ್ಣೆಯ ಹಾಗೆ ಜಾರಿ ಮೇಲೆ ಹೋಯಿತು. ಚಿಕ್ಕವಳಿಗಿಂತ ಎಷ್ಟೋ ಚೆನ್ನಾಗಿತ್ತು, ನನ್ನ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು. ಅದಕ್ಕೇ ನನಗೆ ಕೆಟ್ಟ ಕೋಪ ಬಂತು. ಆ ಕೋಪದಲ್ಲಿ ಹೆದರಿಕೆ ಮರೆತೇಹೋಯಿತು.

"ಅದನ್ನ ಬಿಡು," ಎಂದೆ. "ಅದು ಅವಳದು. ಅದೊಂದನ್ನಾದರೂ ಅವಳಿಗೆ ಬಿಟ್ಟುಬಿಡು."

ಗುನುಗು ನಿಂತಿತು. ನೆರಳಿನ ತಲೆ ನಿಧಾನವಾಗಿ ನನ್ನ ಕಡೆ ತಿರುಗಿತು. ಆಮೇಲೆ ಅದು ತಂಗಿ ಹೋದ ಬಾಗಿಲಿನ ಕಡೆ ತಿರುಗಿ, ತಾನು ನಿಲ್ಲಿಸಿದ ಜಾಗದಿಂದ ಮುಂದಿನ ಸಾಲನ್ನು, ಮೆತ್ತಗೆ, ಎತ್ತಿಕೊಂಡಿತು. ನಾನು ಎರಡೂ ಕೈಯಲ್ಲಿ ಸ್ವಿಚ್ಚನ್ನು ಕೆಳಗೆಳೆದೆ.